ಹಿತ್ತಲ ಹೂವು, ಲಾಯದ ಕುದುರೆ

ಸಂಜೆ ಶಾಲೆಯಿಂದ ಮನೆಗೆ ಬಂದ ಮೇಲೆ ಒಮ್ಮೆ ಹಿತ್ತಲಿಗೆ ಹೋಗಿ ನೋಡಿ. ಬಚ್ಚಲ ನೀರು ಹರಿಯುವ ಕಡೆ ಸಂಜೆಮಲ್ಲಿಗೆ ಗಿಡವಿದ್ದರೆ ಅದರ ಮೊಗ್ಗುಗಳು ಆಗತಾನೇ ಅರಳುತ್ತಿರುತ್ತವೆ. ಇದನ್ನು ಯಾರೂ ನೆಟ್ಟು ಸಾಕಬೇಕಾಗಿಲ್ಲ. ಬಿದ್ದ ಬೀಜದಿಂದ ತಾನೇ ಹುಟ್ಟಿಕೊಳ್ಳುತ್ತದೆ. ಕಾಳುಮೆಣಸಿನಂತಿರುವ ಅದರ ಬೀಜವನ್ನು ಒಡೆದು, ಒಳಗಿನ ಬಿಳಿ ಹಿಟ್ಟನ್ನು ಪೌಡರಿನಂತೆ ಮುಖಕ್ಕೆ ಹಚ್ಚಿಕೊಂಡು ಆಡಿದವರು ನಿಮ್ಮಲ್ಲಿಯೂ ಇರಬಹುದು. ಬಾಯಿಗೆ ಮಾತ್ರ ಹಾಕಿಕೊಳ್ಳಬೇಡಿ, ಆ ಬೀಜ ವಿಷ!

ಕುದುರೆಗಳ ಮೈಬಣ್ಣದ ಲೆಕ್ಕವನ್ನು ಅರಿಯಲು ಈ ಗಿಡವೇ ಒಳ್ಳೆಯ ಪಾಠ. ಹೇಗೆ?

ಸುಮಾರು ನೂರು ವರ್ಷಗಳ ಹಿಂದೆ ಜರ್ಮನಿಯ ಕಾರ್ಲ್ ಕಾರೆನ್ಸ್ ಎಂಬ ವಿಜ್ಞಾನಿ ಕೆಂಪು ಹೂವಿನ ಸಂಜೆಮಲ್ಲಿಗೆಗೂ ಬಿಳಿ ಹೂವಿನ ಸಂಜೆಮಲ್ಲಿಗೆಗೂ ಪರಾಗಸ್ಪರ್ಶ ಮಾಡಿಸಿದರು. ಹುಟ್ಟಿದ ಗಿಡಗಳಲ್ಲೆಲ್ಲ ಗುಲಾಬಿ ಬಣ್ಣದ ಹೂ ಬಿಟ್ಟಿತು. ಕೆಂಪು, ಬಿಳಿ ಬಣ್ಣಗಳನ್ನು ಕಲಸಿದಂತೆ ಆಯಿತು ಎನ್ನುತ್ತೀರಾ? ಕಲಸಿದ ಬಣ್ಣವನ್ನು ಮತ್ತೆ ಬೇರೆ ಮಾಡಲಾಗದು. ಆದರೆ ಈ ಗುಲಾಬಿ ಹೂಗಳ ಬೀಜ ಬಿತ್ತಿದಾಗ ಸುಮಾರು ನಾಲ್ಕರಲ್ಲಿ ಒಂದು ಗಿಡ ಕೆಂಪು, ಎರಡು ಗುಲಾಬಿ, ಒಂದು ಬಿಳಿ ಹೂ ಬಿಟ್ಟವು. ಅಂದರೆ ಕೆಂಪೂ ಬಿಳಿಯೂ ಕಲಸಿಹೋಗಿರಲಿಲ್ಲ. ಪ್ರತಿ ಗಿಡದಲ್ಲೂ ಬಣ್ಣಕ್ಕೆ ಸಂಬಂಧಿಸಿದ ಗುಣಾಣು, ಅಂದರೆ ಜೀನ್, ಎರಡೆರಡು ಇರುತ್ತದೆ. ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ. ಗುಲಾಬಿ ಹೂವಿನ ಗಿಡದಲ್ಲಿ ಕೆಂಪಿನದು ಒಂದು, ಬಿಳಿಯದು ಒಂದು ಬಿಡಿಬಿಡಿಯಾಗಿಯೇ ಇದ್ದವು.

ಈಗ ಕುದುರೆಗೆ ಬರೋಣ. ಅದರ ಕೂದಲಿಗೆ ಬಣ್ಣ ಕೊಡುವುದು ಮೆಲನಿನ್. ನಮ್ಮ ತಲೆಗೂದಲಿನಲ್ಲಿ ಇರುವುದೂ ಅದೇ. ಮೆಲನಿನ್‌ನಲ್ಲಿ ಕಪ್ಪು ಮತ್ತು ಕೆಂಪು-ಹಳದಿ ಎಂದು ಎರಡು ಬಗೆ. ಕುದುರೆಗಳಲ್ಲಿ ಕಾಣುವ ಹತ್ತಾರು ಬಣ್ಣಗಳಿಗೆ ಈ ಎರಡೇ ಬಂಡವಾಳ! ಕೂದಲಿನಲ್ಲಿ ಕಪ್ಪು ತಯಾರಾಗದಿದ್ದರೆ ಕುದುರೆ ಪೂರ್ತಿ ಕೆಂಗಂದು. ಕಪ್ಪು ಮೈತುಂಬ ಹರಡಿದರೆ ಕರಿಕುದುರೆ. ಕಪ್ಪು ಬಣ್ಣ ಕತ್ತಿನ ಕೂದಲು, ಬಾಲ ಮತ್ತು ಕಾಲಿನ ಕೆಳಭಾಗಕ್ಕಷ್ಟೇ ಸೀಮಿತವಾದರೆ ಮೈ ಕಂದು, ಕಾಲು ಕಪ್ಪು. ಮುಂದಿನ ಸಲ ಜಟಕಾ ಕುದುರೆಯನ್ನು ಕಂಡಾಗ ಅದರ ಕಾಲುಗಳನ್ನು ಗಮನಿಸಿ. ಹಿಂದೆ ಹೋಗಿ ನಿಲ್ಲಬೇಡಿ, ಒದ್ದೀತು.

ಕೆಂಗಂದು ಕುದುರೆಗೆ ಬಣ್ಣ ತಿಳಿಯಾಗಿಸುವ ಒಂದು ಜೀನ್ ಬಂದರೆ ಅದರ ಮೈ ಹೊಂಬಣ್ಣ, ಬಾಲ ಬೆಳ್ಳಗೆ. ಇದಕ್ಕೆ ಪಲೊಮಿನೊ ಎಂದು ಹೆಸರು. ಅದೇ ಜೀನ್ ಎರಡು ಬಂದರೆ ಮೈ ಕೆನೆಯ ಬಣ್ಣ, ಚರ್ಮ ಗುಲಾಬಿ, ಕಣ್ಣು ನೀಲಿ. ಹೊಂಬಣ್ಣದ ಕುದುರೆಗೆ ಬೇಡಿಕೆ ಹೆಚ್ಚು. ಹಾಗೆಂದು ಎರಡು ಹೊಂಬಣ್ಣದ ಕುದುರೆಗಳನ್ನು ಜೋಡಿ ಮಾಡಿದರೆ ಮರಿ ಹೊಂಬಣ್ಣದ್ದೇ ಆದೀತೆಂಬ ಭರವಸೆಯಿಲ್ಲ. ಹಾಗಾದರೆ ಹೊಂಬಣ್ಣದ ಮರಿಯೇ ಬೇಕೆನ್ನುವವರು ಯಾವ ಜೋಡಿಯನ್ನು ಆರಿಸಬೇಕು? ಸಂಜೆಮಲ್ಲಿಗೆಯನ್ನು ನೆನೆದು ಯೋಚಿಸಿ. ಕೆಂಗಂದು ಮತ್ತು ಕೆನೆಬಣ್ಣದ ಜೋಡಿ! ಹೂವಿನ ಬಣ್ಣದ ವಸ್ತುವೇ ಬೇರೆ, ಕುದುರೆಯ ಮೆಲನಿನ್ನೇ ಬೇರೆ. ಲೆಕ್ಕ ಮಾತ್ರ ಒಂದೇ. ಆದರೆ ಈ ಲೆಕ್ಕವನ್ನು ಕುದುರೆಯಲ್ಲಿ ಕಂಡುಹಿಡಿಯುವುದು ಕಷ್ಟ. ಹೆಣ್ಣು ಕುದುರೆ ಸುಮಾರು 11 ತಿಂಗಳು ಗರ್ಭ ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಗಿಡವಾದರೋ ಒಂದೇ ವರ್ಷದಲ್ಲಿ ಬೊಗಸೆ ತುಂಬ ಬೀಜ ಕೊಡುತ್ತದೆ.

ಎಲ್ಲಕ್ಕಿಂತ ವಿಚಿತ್ರ ಬಿಳಿ ಕುದುರೆಯದು. ಆಸ್ಟ್ರಿಯಾದ ವಿಯೆನ್ನಾ ನಗರದ ಸ್ಪ್ಯಾನಿಷ್ ಸವಾರಿ ಶಾಲೆಯ ಲಿಪಿಜ್ಜಾನರ್ ಕುದುರೆಗಳು ಹಾಲಿನಂತೆ ಬೆಳ್ಳಗಿವೆ. ಆದರೆ ಅವು ಹುಟ್ಟುವಾಗ ಕಪ್ಪು ಇಲ್ಲವೇ ಕಂದು! ವರ್ಷ ಕಳೆದಂತೆ ಕೂದಲು ನರೆಯುತ್ತ ಹೋಗಿ, ಆರರಿಂದ ಹತ್ತು ವರ್ಷದ ಹೊತ್ತಿಗೆ ಪೂರ್ತಿ ಬೆಳ್ಳಗಾಗುತ್ತದೆ. ಕೂದಲ ಕೆಳಗಿನ ಚರ್ಮ ಕಪ್ಪಾಗಿಯೇ ಉಳಿಯುತ್ತದೆ. ಆದ್ದರಿಂದ ಬಿಳಿ ಕುದುರೆಯ ಮೂತಿ ಕಪ್ಪಗಿದ್ದರೆ ಅದು ಹೀಗೆ ನರೆತದ್ದಿರಬಹುದು.

ಕಾರಣ ಗೊತ್ತಾದದ್ದು 2008ರಲ್ಲಿ. ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳ ತಂಡ ಇಂಥ ಕುದುರೆಗಳ ಡಿಎನ್‌ಎಯನ್ನು ಪರೀಕ್ಷಿಸಿತು. ಒಂದು ಜೀನ್‌ನ ಒಳಗೆ ಸುಮಾರು 4,600 ಅಕ್ಷರಗಳಷ್ಟು ಉದ್ದದ ತುಣುಕು ಎರಡು ಸಲ ನಕಲಾಗಿತ್ತು. ಸಾವಿರಾರು ವರ್ಷಗಳ ಹಿಂದೆ ಯಾವುದೋ ಒಂದು ಕುದುರೆಯಲ್ಲಿ ಆದ ಈ ಬದಲಾವಣೆಯೇ ಜಗತ್ತಿನ ನರೆಯುವ ಕುದುರೆಗಳಿಗೆಲ್ಲ ಬಂದಿದೆ. ಇಲ್ಲಿ ಒಂದೇ ಪ್ರತಿ ಬಂದರೂ ಸಾಕು, ಕುದುರೆ ನರೆಯುತ್ತದೆ. ಹಾಗಾಗಿ ಇಬ್ಬರಲ್ಲೂ ಒಂದೊಂದೇ ಪ್ರತಿ ಇರುವ ಬಿಳಿ ತಂದೆತಾಯಿಗೆ ಒಮ್ಮೊಮ್ಮೆ ಎಂದೂ ನರೆಯದ ಮರಿ ಹುಟ್ಟುತ್ತದೆ. ವಿಯೆನ್ನಾದ ಶಾಲೆಯಲ್ಲಿ ಅಂಥದೊಂದು ಕಂದು ಕುದುರೆಯನ್ನು ಅದೃಷ್ಟದ್ದೆಂದು ಇಟ್ಟುಕೊಳ್ಳುವ ರೂಢಿಯಿದೆ.

ಆದರೆ ಈ ಬಿಳುಪಿಗೆ ಕುದುರೆ ದುಬಾರಿ ಬೆಲೆ ತೆರುತ್ತದೆ. ಅದೇ ಬದಲಾವಣೆ ಚರ್ಮದಲ್ಲಿ ಬಣ್ಣ ತಯಾರಿಸುವ ಜೀವಕೋಶಗಳನ್ನು ಅತಿಯಾಗಿ ಬೆಳೆಸುತ್ತದೆ. 15 ವರ್ಷ ದಾಟಿದ ಇಂಥ ಕುದುರೆಗಳಲ್ಲಿ ನೂರಕ್ಕೆ 70ರಿಂದ 80ರಷ್ಟರಲ್ಲಿ ಬಾಲದ ಬುಡದಲ್ಲೋ ಬೇರೆಡೆಯೋ ಕಪ್ಪು ಗಡ್ಡೆಗಳು ಏಳುತ್ತವೆ. ಎಷ್ಟೋ ಗಡ್ಡೆಗಳು ನಿಧಾನವಾಗಿ ಬೆಳೆಯುತ್ತವೆ, ಕುದುರೆ ಅವುಗಳೊಂದಿಗೇ ವರ್ಷಗಟ್ಟಲೆ ಬದುಕುತ್ತದೆ. ಕೆಲವು ದೇಹದ ಒಳಗೂ ಹರಡಿ ಪ್ರಾಣಕ್ಕೆ ಎರವಾಗುತ್ತವೆ. ರಾಜರ ಮೆರವಣಿಗೆಗೆ ಬಿಳಿ ಕುದುರೆಯೇ ಬೇಕೆಂದು ತಲೆತಲಾಂತರದಿಂದ ಆರಿಸಿ ಬೆಳೆಸಿದವರು ಮನುಷ್ಯರು. ಆರಿಸಿದ್ದು ಬಣ್ಣವನ್ನು, ಜೊತೆಗೆ ಗಡ್ಡೆಯೂ ಬಂತು.

ಕುದುರೆ ಸಾಕಲು ನಮಗೆಲ್ಲ ಆಗದು. ಸಂಜೆಮಲ್ಲಿಗೆಗೆ ಒಂದು ಮೂಲೆ ಸಾಕು. ಗುಲಾಬಿ ಬಣ್ಣದ ಹೂವಿನ ಗಿಡ ಸಿಕ್ಕರೆ ಅದರ ಕೆಲವು ಮೊಗ್ಗುಗಳಿಗೆ ಅರಳುವ ಮೊದಲೇ ತೆಳುಬಟ್ಟೆಯ ಪುಟ್ಟ ಚೀಲ ಕಟ್ಟಿ. ರಾತ್ರಿ ಬರುವ ಪತಂಗಗಳು ಬೇರೆ ಗಿಡದ ಪರಾಗವನ್ನು ತರದಿರಲಿ ಎಂದು ಈ ಉಪಾಯ. ಹೂ ಮುದುಡುವಾಗ ತನ್ನದೇ ಪರಾಗದಿಂದ ಬೀಜ ಕಟ್ಟಬಲ್ಲದು. ಬೀಜ ಕಪ್ಪಾದ ಮೇಲೆ ಬಿಡಿಸಿ, ಬಿತ್ತಿ, ಹೂ ಬಂದಾಗ ಯಾವ ಬಣ್ಣದ್ದು ಎಷ್ಟು ಎಂದು ಎಣಿಸಿ. ನಮ್ಮ ಹಿತ್ತಲಿನ ಗಿಡಗಳಲ್ಲಿ ಹಳದಿಯೂ ಇದೆ, ಒಂದೇ ಹೂವಿನಲ್ಲಿ ಎರಡು ಬಣ್ಣದ ಚುಕ್ಕೆ ಗೆರೆಗಳೂ ಇವೆ. ಆದ್ದರಿಂದ ನಿಮ್ಮ ಎಣಿಕೆ ಕಾರೆನ್ಸ್ ಅವರ ಲೆಕ್ಕಕ್ಕೆ ಹೊಂದದಿರಬಹುದು. ಬಂದದ್ದನ್ನು ಬಂದಂತೆಯೇ ಬರೆದಿಟ್ಟುಕೊಂಡು ತರಗತಿಯಲ್ಲಿ ನಿಮ್ಮ ಮೇಷ್ಟ್ರಿಗೆ ಇಲ್ಲವೇ ಟೀಚರ್‌ಗೆ ತೋರಿಸಿ.