ಈಜುಕೊಳದ ನೀರಿನಲ್ಲಿ ಸ್ಟೆಬಿಲೈಜರ್: ಅಳೆಯದೆ ಉಳಿಯುವ ಅಂಶ

ಚಾರ್ಮಾಡಿ ಘಾಟಿಯನ್ನಿಳಿದು ವರ್ಷಕ್ಕೊಮ್ಮೆಯಾದರೂ ಧರ್ಮಸ್ಥಳಕ್ಕೆ ಹೋಗಿಬರುವ ಕುಟುಂಬಗಳು ಶ್ರೀಮಠದ ಸದ್ಭಕ್ತರಲ್ಲಿ ಅನೇಕ. ಉಜಿರೆ, ಮೂಡುಬಿದಿರೆಗಳ ವಿದ್ಯಾಸಂಸ್ಥೆಗಳಲ್ಲಿ ಮಕ್ಕಳನ್ನು ಓದಿಸುತ್ತಿರುವವರೂ ಕಡಿಮೆಯಿಲ್ಲ. ಹೀಗೆ ಹೋದವರು ತಂಗುವ ಹೋಂಸ್ಟೇಗಳಲ್ಲಿ, ಪರಿಚಯಸ್ಥರ ತೋಟದ ಮನೆಗಳಲ್ಲಿ ಈಚೆಗೆ ಸಣ್ಣ ಈಜುಕೊಳಗಳು ಕಾಣಿಸಿಕೊಂಡಿವೆ. ಬಂಟ್ವಾಳ, ಬೆಳ್ತಂಗಡಿ ತಾಲ್ಲೂಕುಗಳ ಬೇಸಗೆಯ ಬೆವರಿಗೆ ಮಕ್ಕಳು ನೀರನ್ನು ಕಂಡೊಡನೆ ಇಳಿಯುವುದು ಸಹಜವೇ. ಆ ನೀರು ಎಷ್ಟು ಶುದ್ಧವೆಂಬುದನ್ನು ಬಲ್ಲವರು ಯಾರು ಎಂಬ ಪ್ರಶ್ನೆಯನ್ನು ಈ ತಿಂಗಳು ಎತ್ತಿಕೊಂಡಿದ್ದೇವೆ. ಇದಕ್ಕೆ ಕಾರಣ ಬಂಟ್ವಾಳದ ಕಡೆ ಅಡಿಕೆ ತೋಟವುಳ್ಳ ಭಕ್ತರೊಬ್ಬರು ನಮಗೆ ಬರೆದ ಪತ್ರ.

ಅವರ ಮನೆಯ ಕೊಳ ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಸರಾಸರಿ ಒಂದೂಕಾಲು ಮೀಟರ್ ಆಳವುಳ್ಳದ್ದು. ಎಂದರೆ 40,000 ಲೀಟರ್ ನೀರು. ಏಪ್ರಿಲ್ ತಿಂಗಳಲ್ಲಿ ಮೊಮ್ಮಕ್ಕಳು ರಜೆಗೆ ಬರುವ ಹೊತ್ತಿಗೆ ನೀರು ಹಸಿರುಗಟ್ಟತೊಡಗಿತ್ತು. ಕ್ಲೋರಿನ್ ಮಾತ್ರೆಗಳನ್ನು ಎಷ್ಟು ಹಾಕಿದರೂ ಪಾಚಿ ಅಡಗಲಿಲ್ಲ. ಆದರೆ ಪರೀಕ್ಷಾ ಪೆಟ್ಟಿಗೆಯ ಹನಿಯನ್ನು ಹಾಕಿದರೆ ನೀರು ಚೆನ್ನಾಗಿ ಹಳದಿಯಾಗುತ್ತಿತ್ತು. "ಕ್ಲೋರಿನ್ ಇದೆಯೆಂದು ಬಣ್ಣ ಹೇಳುತ್ತದೆ, ಇಲ್ಲವೆಂದು ಪಾಚಿ ಹೇಳುತ್ತದೆ, ಯಾವುದನ್ನು ನಂಬಲಿ?" ಎಂದು ಅವರು ಕೇಳಿದ್ದರು. ಎರಡೂ ನಿಜವಾಗಿರಬಹುದು. ಇವೆರಡರ ನಡುವೆ ಅಳೆಯದೆ ಉಳಿದ ಮೂರನೆಯದೊಂದಿದೆ, ಅದೇ ಸ್ಟೆಬಿಲೈಜರ್.

ಬಯಲಿನಲ್ಲಿರುವ ಕೊಳದ ಕ್ಲೋರಿನ್‌ಗೆ ದೊಡ್ಡ ಶತ್ರು ಸೂರ್ಯನ ಬೆಳಕು. ನಡುಹಗಲ ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ನೀರಿನಲ್ಲಿರುವ ಕ್ಲೋರಿನ್ನಿನ ಅರ್ಧಭಾಗವನ್ನು ಒಂದು ಗಂಟೆಯೊಳಗೇ ಒಡೆದುಹಾಕಬಲ್ಲವು. ಇದನ್ನು ತಡೆಯಲು ಬಳಸುವುದೇ ಸಯನೂರಿಕ್ ಆಮ್ಲ. ಅಂಗಡಿಗಳಲ್ಲಿ ಇದಕ್ಕೆ ಸ್ಟೆಬಿಲೈಜರ್ ಅಥವಾ ಕಂಡೀಷನರ್ ಎಂದು ಹೆಸರು. ಅದು ಕ್ಲೋರಿನ್ನನ್ನು ಸಡಿಲವಾಗಿ ಹಿಡಿದಿಟ್ಟುಕೊಂಡು, ಬೇಕಾದಂತೆ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತದೆ. ಮಿತವಾಗಿದ್ದರೆ ಇದರಿಂದ ಉಪಕಾರವೇ. ಮಿತಿಮೀರಿದರೆ ಹಿಡಿದಿಟ್ಟುಕೊಳ್ಳುವುದೇ ಹೆಚ್ಚಾಗಿ, ರೋಗಾಣುಗಳನ್ನು ಕೊಲ್ಲಬೇಕಾದ ಬಿಡಿ ಕ್ಲೋರಿನ್ ತೀರ ಅತ್ಯಲ್ಪವಾಗಿಬಿಡುತ್ತದೆ. ಪರೀಕ್ಷೆಯ ಹನಿ ಮಾತ್ರ ಹಿಡಿದಿಟ್ಟ ಕ್ಲೋರಿನ್ನನ್ನೂ ಸೇರಿಸಿಯೇ ಬಣ್ಣ ತೋರಿಸುತ್ತದೆ.

ಪತ್ರ ಬರೆದವರು ಸ್ಟೆಬಿಲೈಜರ್ ಎಂಬ ಹೆಸರಿನ ಪುಡಿಯನ್ನು ಎಂದೂ ಕೊಂಡವರಲ್ಲ. ಹಾಗಾದರೆ ಅದು ಅವರ ಕೊಳಕ್ಕೆ ಬಂದದ್ದೆಲ್ಲಿಂದ? ಕ್ಲೋರಿನ್ ಮಾತ್ರೆಯಿಂದಲೇ. ನಮ್ಮಲ್ಲಿ ಮನೆಯ ಕೊಳಗಳಿಗೆ ಧಾರಾಳವಾಗಿ ಬಳಕೆಯಾಗುವ ಟಿ.ಸಿ.ಸಿ.ಎ. 90 ಎಂಬ ಮಾತ್ರೆ ಅಥವಾ ಹರಳುಪುಡಿಯಲ್ಲಿ ಕ್ಲೋರಿನ್ನೂ ಸಯನೂರಿಕ್ ಆಮ್ಲವೂ ಒಂದೇ ಅಣುವಿನಲ್ಲಿ ಕೂಡಿಕೊಂಡಿವೆ. ಕ್ಲೋರಿನ್ ತನ್ನ ಕೆಲಸ ಮುಗಿಸಿ ಹೋಗುತ್ತದೆ, ಆಮ್ಲ ಉಳಿಯುತ್ತದೆ. ಅದು ಆವಿಯಾಗುವುದಿಲ್ಲ, ಮರಳಿನ ಫಿಲ್ಟರಿನಲ್ಲಿ ಸಿಕ್ಕಿಕೊಳ್ಳುವುದೂ ಇಲ್ಲ.

ಲೆಕ್ಕ ಹಾಕಿ ನೋಡೋಣ. 40,000 ಲೀಟರಿನ ಕೊಳದಲ್ಲಿ ದಿನಕ್ಕೆ ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಖರ್ಚಾಗುತ್ತದೆಂದುಕೊಂಡರೆ ಅದನ್ನು ತುಂಬಲು ಸುಮಾರು 90 ಗ್ರಾಂ ಟಿ.ಸಿ.ಸಿ.ಎ. ಬೇಕು. ಅದರಿಂದ 50 ಗ್ರಾಂ ಸಯನೂರಿಕ್ ಆಮ್ಲ ನೀರಿಗಿಳಿಯುತ್ತದೆ. ಲೀಟರಿಗೆ ದಿನವೊಂದಕ್ಕೆ ಒಂದೂಕಾಲು ಮಿಲಿಗ್ರಾಂ. ನೋಡಲು ಏನೂ ಅಲ್ಲ. ಆದರೆ ತಿಂಗಳಿಗೆ ಇದು 37 ಆಗುತ್ತದೆ, ಮೂರು ತಿಂಗಳಿಗೆ 100 ದಾಟುತ್ತದೆ. ನವೆಂಬರ್ ಆರಂಭದಿಂದ ಏಪ್ರಿಲ್ ನಡುವಿನ ತನಕ ಇದೇ ಮಾತ್ರೆಯನ್ನು ಹಾಕುತ್ತ ಬಂದರೆ, ಫಿಲ್ಟರ್ ತೊಳೆಯುವಾಗ ಹೊರಹೋಗುವ ನೀರನ್ನು ಕಳೆದರೂ 150 ಮುಟ್ಟುವುದರಲ್ಲಿ ಆಶ್ಚರ್ಯವಿಲ್ಲ.

ಎಷ್ಟಿದ್ದರೆ ಸರಿ? ವಿಶ್ವ ಆರೋಗ್ಯ ಸಂಸ್ಥೆಯು 2006ರ ತನ್ನ ಮಾರ್ಗಸೂಚಿಯಲ್ಲಿ ಸಯನೂರಿಕ್ ಆಮ್ಲವು ಲೀಟರಿಗೆ 100 ಮಿಲಿಗ್ರಾಂ ಮೀರಬಾರದೆಂದು ಹೇಳಿದೆ. ಅದು ಕೊನೆಯ ಗಡಿಯೇ ಹೊರತು ಇರಬೇಕಾದ ಮಟ್ಟವಲ್ಲ. 2019ರಲ್ಲಿ ಅಮೆರಿಕದ ತಜ್ಞರು ಪ್ರಕಟಿಸಿದ ಅಧ್ಯಯನವೊಂದು, ಸ್ಟೆಬಿಲೈಜರಿನ ಪ್ರಮಾಣವು ಕ್ಲೋರಿನ್ನಿನ ಇಪ್ಪತ್ತು ಪಟ್ಟನ್ನು ಮೀರಬಾರದೆಂದು ಸೂಚಿಸಿತು. ಇದರಂತೆ ಸ್ಟೆಬಿಲೈಜರ್ 40 ಇದ್ದರೆ ಕ್ಲೋರಿನ್ 2 ಸಾಕು, 60ಕ್ಕೆ 3 ಬೇಕು, 150ಕ್ಕೆ ಏಳೂವರೆ. ಸಾರ್ವಜನಿಕ ಕೊಳಗಳಲ್ಲಿ ಕ್ಲೋರಿನ್ 3ನ್ನು ಮೀರದಂತಿರಲಿ ಎಂದು ಅದೇ ವಿಶ್ವ ಸಂಸ್ಥೆಯ ಸಲಹೆಯಿರುವುದರಿಂದ, ಸ್ಟೆಬಿಲೈಜರನ್ನು 30ರಿಂದ 50ರೊಳಗೆ ಇಟ್ಟುಕೊಳ್ಳುವುದೇ ಮೇಲೆಂಬುದು ನಮ್ಮ ಅಭಿಪ್ರಾಯ.

ಅಲ್ಪ ಸ್ಟೆಬಿಲೈಜರ್ ಕೂಡ ಎಷ್ಟು ವ್ಯತ್ಯಾಸ ಮಾಡುತ್ತದೆಂಬುದಕ್ಕೆ ಒಂದು ನಿದರ್ಶನ ಸಾಕು. ಚಿಕ್ಕ ಮಗುವೊಂದಕ್ಕೆ ಕೊಳದಲ್ಲೇ ಭೇದಿಯಾದರೆ ಕ್ರಿಪ್ಟೋಸ್ಪೋರಿಡಿಯಂ ಎಂಬ ಗಟ್ಟಿ ಪರಾವಲಂಬಿ ಹರಡಬಹುದು. ಅದನ್ನು ನಾಶಮಾಡಲು ಕ್ಲೋರಿನ್ನನ್ನು ಲೀಟರಿಗೆ 20 ಮಿಲಿಗ್ರಾಂಗೆ ಏರಿಸಿ, ಸ್ಟೆಬಿಲೈಜರ್ ಇಲ್ಲದ ನೀರಾದರೆ ಹದಿಮೂರು ಗಂಟೆಗಳಷ್ಟು ಕಾಲ ಹಾಗೆಯೇ ಇಡಬೇಕೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ಸ್ಟೆಬಿಲೈಜರ್ ಕೇವಲ 15ರವರೆಗೆ ಇದ್ದರೂ ಆ ಅವಧಿ 28 ಗಂಟೆಯಾಗುತ್ತದೆ. ಅದಕ್ಕೂ ಹೆಚ್ಚಿದ್ದರೆ ಮೊದಲು ನೀರನ್ನೇ ಭಾಗಶಃ ಬದಲಿಸಬೇಕು.

ಇನ್ನೊಂದು ಭಯವನ್ನೂ ಇಲ್ಲಿ ಹೇಳದೆ ಬಿಡುವಂತಿಲ್ಲ. ನೆರೆಯ ಕೇರಳದಲ್ಲಿ 2024 ಮತ್ತು 2025ರಲ್ಲಿ, ಮೂಗಿನ ಮೂಲಕ ಮಿದುಳಿಗೆ ಏರುವ ಅಮೀಬಾದ ಸೋಂಕಿಗೆ ಮಕ್ಕಳೂ ಸೇರಿ ಹಲವರು ಬಲಿಯಾದರು. 2025ರ ನವೆಂಬರ್‌ನಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆ ಶಬರಿಮಲೆ ಯಾತ್ರಿಗಳಿಗೆ, ಸ್ನಾನಮಾಡುವಾಗ ನೀರು ಮೂಗಿಗೆ ಹೋಗದಂತೆ ಎಚ್ಚರವಹಿಸಬೇಕೆಂದು ಸೂಚನೆ ನೀಡಿತು. ಈ ಅಮೀಬಾ ಬೆಚ್ಚನೆಯ ಸಿಹಿನೀರಿನ ಜೀವಿ. ಕುಡಿದರೆ ರೋಗ ಬರುವುದಿಲ್ಲ. ಒಬ್ಬರಿಂದೊಬ್ಬರಿಗೆ ಹರಡುವುದೂ ಇಲ್ಲ. ರೋಗ ಬಹಳ ವಿರಳ, ಬಂದರೆ ಬದುಕುವವರು ಕಡಿಮೆ. ತಕ್ಕಷ್ಟು ಕ್ರಿಯಾಶೀಲ ಕ್ಲೋರಿನ್ ಇರುವ ಕೊಳದಲ್ಲಿ ಅದು ಉಳಿಯಲಾರದು. ಕರಾವಳಿಯ ಏಪ್ರಿಲ್ ತಿಂಗಳ ಬಿಸಿನೀರು, ಹೆಸರಿಗೆ ಮಾತ್ರ ಇರುವ ಕ್ಲೋರಿನ್, ಮುಳುಗಿ ಏಳುವ ಮಕ್ಕಳು: ಈ ಮೂರೂ ಒಂದೆಡೆ ಸೇರಬಾರದು. ಕಿವಿಸೋರುವಿಕೆ, ಕಣ್ಣುಬೇನೆ, ಭೇದಿಗಳಂತೂ ಇದಕ್ಕಿಂತ ಎಷ್ಟೋ ಪಾಲು ಸಾಮಾನ್ಯ.

ಈಗ ಪರೀಕ್ಷೆಯ ವಿಷಯ. ಸಾಮಾನ್ಯವಾಗಿ ಸಿಗುವ ಎರಡು ನಳಿಕೆಯ ಪೆಟ್ಟಿಗೆ ಕ್ಲೋರಿನ್ನನ್ನೂ ಪಿ.ಎಚ್. ಅನ್ನೂ ಮಾತ್ರ ತೋರಿಸುತ್ತದೆ. ಅದರಲ್ಲಿಯೂ ಹಳದಿ ಬಣ್ಣದ ಹನಿ ಬೆವರು, ಮೂತ್ರಗಳೊಡನೆ ಕೂಡಿ ನಿಷ್ಪ್ರಯೋಜಕವಾದ ಕ್ಲೋರಿನ್ನನ್ನೂ ಎಣಿಸುತ್ತದೆ; ಗುಲಾಬಿ ಬಣ್ಣ ಕೊಡುವ ಡಿ.ಪಿ.ಡಿ. ಪರೀಕ್ಷೆ ಅದಕ್ಕಿಂತ ಉತ್ತಮ. ಸ್ಟೆಬಿಲೈಜರಿಗೆ ಬೇರೆಯೇ ಪೆಟ್ಟಿಗೆ ಬೇಕು, ಕೇಳಿ ತರಿಸಿಕೊಳ್ಳಬೇಕು. ನೀರಿಗೆ ಅದ್ದಿ ಬಣ್ಣ ನೋಡುವ ಕಾಗದದ ಪಟ್ಟಿಗಳನ್ನು ಈ ಒಂದು ವಿಷಯದಲ್ಲಿ ನಾವು ನಂಬುವುದಿಲ್ಲ.

ಈ ಪರೀಕ್ಷೆಯಲ್ಲಿ ನೋಡುವುದು ಬಣ್ಣವನ್ನಲ್ಲ, ಕದಡನ್ನು. ಕೊಳದ ನೀರಿಗೆ ಅಷ್ಟೇ ಪ್ರಮಾಣದ ಮೆಲಮೈನ್ ದ್ರಾವಣವನ್ನು ಬೆರೆಸಿದರೆ, ಅದು ಸಯನೂರಿಕ್ ಆಮ್ಲದೊಡನೆ ಕೂಡಿ ನೀರು ಮಜ್ಜಿಗೆಯ ತಿಳಿಯಂತೆ ಬೆಳ್ಳಗಾಗುತ್ತದೆ. ತಳದಲ್ಲಿ ಕಪ್ಪು ಚುಕ್ಕೆಯುಳ್ಳ ಉದ್ದನೆಯ ನಳಿಕೆಗೆ ಈ ಬೆಳ್ಳನೆಯ ನೀರನ್ನು ನಿಧಾನವಾಗಿ ಹೊಯ್ಯುತ್ತ ಮೇಲಿನಿಂದ ನೋಡಬೇಕು. ಚುಕ್ಕೆ ಕಣ್ಮರೆಯಾದ ಕ್ಷಣದಲ್ಲಿ ನೀರಿನ ಮಟ್ಟ ಯಾವ ಗೆರೆಯಲ್ಲಿದೆಯೋ ಅದೇ ಉತ್ತರ. (2007ರಲ್ಲಿ ಅಮೆರಿಕದಲ್ಲಿ ಕಲಬೆರಕೆ ಆಹಾರ ತಿಂದ ಬೆಕ್ಕು-ನಾಯಿಗಳ ಮೂತ್ರಪಿಂಡಗಳಲ್ಲಿ ಹರಳುಗಟ್ಟಿ ಅವುಗಳನ್ನು ಕೊಂದದ್ದು ಇದೇ ಎರಡು ವಸ್ತುಗಳ ಕೂಟ. ಆದ್ದರಿಂದ ಪರೀಕ್ಷೆ ಮಾಡಿದ ನೀರನ್ನು ಮರಳಿ ಕೊಳಕ್ಕೆ ಸುರಿಯದೆ ಹೊರಗೆ ಚೆಲ್ಲಬೇಕು, ಸೀಸೆಯನ್ನು ಮಕ್ಕಳ ಕೈಗೆ ಸಿಗದಂತಿಡಬೇಕು.)

ಪರೀಕ್ಷೆ ಸರಳವಾದರೂ ತಪ್ಪಲು ಅವಕಾಶ ಬಹಳ. ನೀರನ್ನು ಮೇಲ್ಪದರದಿಂದಲ್ಲ, ಮೊಳಕೈ ಮುಳುಗುವಷ್ಟು ಆಳದಿಂದ, ನೀರು ಒಳಬರುವ ಕೊಳವೆಯಿಂದ ದೂರದಲ್ಲಿ ತೆಗೆಯಬೇಕು. ಬೆರೆಸಿದ ಮೇಲೆ ಅರ್ಧ ನಿಮಿಷ ಮೆಲ್ಲಗೆ ಅಲುಗಿಸಿ, ಪೆಟ್ಟಿಗೆಯಲ್ಲಿ ಹೇಳಿದಷ್ಟು ಹೊತ್ತು ಕಾದು, ಮತ್ತೊಮ್ಮೆ ಅಲುಗಿಸಿ ಆಮೇಲೆ ಹೊಯ್ಯಬೇಕು. ಮನೆಯೊಳಗಿನ ದೀಪದಲ್ಲಿ ನೋಡಬಾರದು. ಹಗಲಿನಲ್ಲಿ ಹೊರಗೆ, ಸೂರ್ಯನಿಗೆ ಬೆನ್ನುಕೊಟ್ಟು, ನಳಿಕೆಯನ್ನು ಸೊಂಟದ ಮಟ್ಟದಲ್ಲಿ ನಮ್ಮದೇ ನೆರಳಿನಲ್ಲಿ ಹಿಡಿಯಬೇಕು. ಚುಕ್ಕೆಯನ್ನೇ ದಿಟ್ಟಿಸುತ್ತಿದ್ದರೆ, ಅದು ಮಾಯವಾದ ಮೇಲೂ ಇದ್ದಂತೆ ತೋರುತ್ತದೆ. ಒಮ್ಮೆ ನೋಡಿ, ಕಣ್ಣು ತೆಗೆದು, ಮತ್ತೆ ನೋಡುವುದೇ ಸರಿ. ಅದೇ ನೀರನ್ನು ಸೀಸೆಗೆ ಮರಳಿಸಿ ಇನ್ನೊಬ್ಬರಿಂದಲೂ ಓದಿಸಬಹುದು.

ನಮ್ಮ ಕರಾವಳಿಯವರು ಗಮನಿಸಬೇಕಾದ ಮಾತೊಂದಿದೆ. ಈ ಪರೀಕ್ಷೆಯನ್ನು ರೂಪಿಸಿರುವುದು 21ರಿಂದ 27 ಡಿಗ್ರಿಯ ನೀರಿಗೆ. ನೀರು ಅದಕ್ಕಿಂತ ಬಿಸಿಯಾಗಿದ್ದರೆ ಕದಡು ಕಡಿಮೆಯಾಗಿ, ಸ್ಟೆಬಿಲೈಜರ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಮಧ್ಯಾಹ್ನದ ಕೊಳದ ನೀರನ್ನು ನೇರವಾಗಿ ಪರೀಕ್ಷಿಸಿದರೆ ಮೋಸಹೋಗುವುದು ಅಪಾಯದ ಕಡೆಗೇ. ಬೆಳಿಗ್ಗೆ ತೆಗೆದ ನೀರನ್ನು ಒಂದಷ್ಟು ಹೊತ್ತು ಮಣ್ಣಿನ ಹೂಜಿಯ ಪಕ್ಕದಂತಹ ತಂಪು ಜಾಗದಲ್ಲಿಟ್ಟು ನೋಡಿದರೆ ಸಾಕು.

ನಳಿಕೆ ತುಂಬಿದರೂ ಚುಕ್ಕೆ ಕಾಣುತ್ತಿದ್ದರೆ ಸ್ಟೆಬಿಲೈಜರ್ 20-30ಕ್ಕಿಂತ ಕಡಿಮೆಯೆಂದು ತಿಳಿಯಬೇಕು. ಸ್ವಲ್ಪ ಹೊಯ್ದೊಡನೆಯೇ ಮಾಯವಾದರೆ 100ಕ್ಕೆ ಮೇಲೆ. ಅಲ್ಲಿ ಗೆರೆಗಳು ಒತ್ತೊತ್ತಾಗಿರುವುದರಿಂದ ಓದನ್ನು ನಂಬುವಂತಿಲ್ಲ. ಆಗ ಕೊಳದ ನೀರಿಗೆ ಸಮಪಾಲು ಬಾವಿಯ ನೀರು ಬೆರೆಸಿ, ಆ ಮಿಶ್ರಣವನ್ನು ಪರೀಕ್ಷಿಸಿ, ಬಂದುದನ್ನು ಎರಡರಿಂದ ಗುಣಿಸಬೇಕು. ಪತ್ರ ಬರೆದವರು ನಮ್ಮ ಸಲಹೆಯಂತೆ ಪೆಟ್ಟಿಗೆ ತರಿಸಿ ಹೀಗೆಯೇ ಮಾಡಿದರು. ಬಂದದ್ದು 75, ಎಂದರೆ ಕೊಳದಲ್ಲಿದ್ದುದು 150.

ಇಷ್ಟೊಂದು ಏರಿದ ಮೇಲೆ ಇಳಿಸಲು ನೀರು ಬದಲಿಸುವುದೊಂದೇ ನೆಚ್ಚಬಹುದಾದ ದಾರಿ. 150ನ್ನು 40ಕ್ಕೆ ಇಳಿಸಬೇಕಾದರೆ ಸುಮಾರು 29,000 ಲೀಟರ್ ಹೊರಚೆಲ್ಲಿ ಅಷ್ಟೇ ಹೊಸ ನೀರು ತುಂಬಬೇಕು. ಅದೂ ಏಪ್ರಿಲ್‌ನಲ್ಲಿ! ನೇತ್ರಾವತಿಯೇ ಸೊರಗಿ, ಬಂಟ್ವಾಳ ತಾಲ್ಲೂಕಿನ ತುಂಬೆ ಕಿಂಡಿ ಅಣೆಕಟ್ಟಿನಲ್ಲಿ ನೀರು ತಗ್ಗಿ, ಮಂಗಳೂರಿಗೆ ಪಾಳಿಯ ಮೇಲೆ ನೀರು ಬಿಟ್ಟ ಬೇಸಗೆಗಳನ್ನು ನಾವು ಕಂಡಿದ್ದೇವೆ. ಆ ಹಿರಿಯರ ಬಾವಿಯ ನೀರು ಅಡಿಕೆ ಗಿಡಗಳಿಗೇ ಸಾಲದ ಹೊತ್ತು ಅದು. ಅವರು ಕೊಳವನ್ನು ಮುಚ್ಚಿ, ಮೊಮ್ಮಕ್ಕಳನ್ನು ಇಳಿಸದೆ ಮಳೆಗಾಲಕ್ಕೆ ಕಾದರು. ಮಕ್ಕಳು ಮುನಿಸಿಕೊಂಡರಂತೆ. ಆದರೂ ಅವರು ಮಾಡಿದ್ದು ಸರಿಯೆಂದೇ ನಾವು ಬರೆದೆವು. ಜನವರಿಯಲ್ಲೇ ಅಳೆದು, 60 ದಾಟುವ ಮೊದಲೇ ಮಾತ್ರೆ ನಿಲ್ಲಿಸಿದ್ದರೆ ಒಂದು ಕೊಡ ನೀರನ್ನೂ ಚೆಲ್ಲಬೇಕಾಗಿರಲಿಲ್ಲ.

ಮಾತ್ರೆ ನಿಲ್ಲಿಸಿದ ಮೇಲೆ ಸ್ಟೆಬಿಲೈಜರ್ ಇಲ್ಲದ ಕ್ಲೋರಿನ್ ಬಳಸಬೇಕು: ದ್ರವರೂಪದ ಸೋಡಿಯಂ ಹೈಪೋಕ್ಲೋರೈಟ್ ಅಥವಾ ಕ್ಯಾಲ್ಸಿಯಂ ಹೈಪೋಕ್ಲೋರೈಟ್. ಸಂಜೆ ಬಿಸಿಲಿಳಿದ ಮೇಲೆ ಹಾಕಿದರೆ ರಾತ್ರಿಯಿಡೀ ಕೆಲಸ ಮಾಡುತ್ತವೆ. ಇಲ್ಲಿ ಒಂದು ಕಟ್ಟೆಚ್ಚರ ಅಗತ್ಯ. ಟಿ.ಸಿ.ಸಿ.ಎ.ಯನ್ನೂ ಬ್ಲೀಚಿಂಗ್ ಪೌಡರನ್ನೂ ಒಂದೇ ಬಕೆಟ್ಟಿನಲ್ಲಾಗಲಿ, ಒಂದೇ ಚಮಚದಿಂದಾಗಲಿ, ಒಂದೇ ತೇಲುಬುಟ್ಟಿಯಲ್ಲಾಗಲಿ ಎಂದೂ ಬಳಸಬಾರದು. ಎರಡೂ ಕ್ಲೋರಿನ್ನೇ ತಾನೆ ಎಂದು ಬೆರೆಸಿದರೆ ಬೆಂಕಿ ಹೊತ್ತಿ ಸಿಡಿಯಬಹುದು, ವಿಷಾನಿಲ ಏಳಬಹುದು. ಪಿ.ಎಚ್. ಇಳಿಸುವ ಆಮ್ಲವನ್ನೂ ಇವುಗಳಿಂದ ದೂರವಿಡಬೇಕು. ಇನ್ನು, ಮುರಕಲ್ಲಿನ ನೆಲದ ಬಾವಿನೀರು ಸಾಮಾನ್ಯವಾಗಿ ತುಸು ಆಮ್ಲೀಯ, ಟಿ.ಸಿ.ಸಿ.ಎ. ಅದನ್ನು ಮತ್ತಷ್ಟು ಆಮ್ಲೀಯವಾಗಿಸುವುದರಿಂದ ಪಿ.ಎಚ್. 7.2ರಿಂದ 7.8ರೊಳಗೆ ಇದೆಯೇ ಎಂದು ಆಗಾಗ ನೋಡುತ್ತಿರಬೇಕು. ಇಲ್ಲವಾದರೆ ಕಣ್ಣುರಿಯೂ ಬರುತ್ತದೆ, ಕೊಳದ ಗಾರೆಯೂ ಕೊರೆಯುತ್ತದೆ.

ಮಳೆಗಾಲದ ಲೆಕ್ಕವೇ ಬೇರೆ. ದಕ್ಷಿಣ ಕನ್ನಡದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂರು ಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಪಂಪು ಓಡುತ್ತ ನೀರು ಬೆರೆಯುತ್ತಿದ್ದು, ಹೆಚ್ಚಾದುದು ತುಂಬಿ ಹರಿದುಹೋದರೆ ಒಂದೂಕಾಲು ಮೀಟರ್ ಆಳದ ಕೊಳದಲ್ಲಿ ಸ್ಟೆಬಿಲೈಜರ್ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬೇಸಗೆಯಲ್ಲಿ ಟ್ಯಾಂಕರ್ ತರಿಸಿ ಮಾಡಬೇಕಾದುದನ್ನು ಆಕಾಶವೇ ಮಾಡಿಕೊಡುತ್ತದೆ. ಹಾಗೆಂದು ಮಳೆಗಾಲದಲ್ಲಿ ಕೊಳವನ್ನು ಪೂರ್ತಿ ಖಾಲಿ ಮಾಡಬಾರದು; ಸುತ್ತಲಿನ ಅಂತರ್ಜಲದ ಒತ್ತಡಕ್ಕೆ ಖಾಲಿ ತೊಟ್ಟಿ ಬಿರಿಯಬಹುದು, ಮೇಲಕ್ಕೆದ್ದೂ ಬಿಡಬಹುದು. ಯಾವ ಕಾಲದಲ್ಲಾದರೂ ಕೊಳದ ನೀರನ್ನು ಹೊರಬಿಡುವ ಮೊದಲು ಕೆಲವು ದಿನ ಕ್ಲೋರಿನ್ ಹಾಕದೆ ಬಿಸಿಲಿಗೆ ಬಿಟ್ಟು, ಕ್ಲೋರಿನ್ ಇಲ್ಲವೆಂದು ಪರೀಕ್ಷಿಸಿ, ತೋಡಿಗೆ ಸೇರದಂತೆ ನೆಲಕ್ಕೆ ಇಂಗಿಸಬೇಕು.

ಅಕ್ಟೋಬರ್‌ನಲ್ಲಿ ಆ ಹಿರಿಯರು ಮತ್ತೆ ಪರೀಕ್ಷಿಸಿದಾಗ ನಳಿಕೆ ತುಂಬಿದರೂ ಚುಕ್ಕೆ ಕಾಣುತ್ತಿತ್ತು. ಈಗ ಸ್ಟೆಬಿಲೈಜರ್ ಕೊಂಡು ಹಾಕಲೇ ಎಂದು ಕೇಳಿದರು. ಬೇಡ, ಒಂದು ತಿಂಗಳು ನಿಮ್ಮ ಹಳೆಯ ಮಾತ್ರೆಗಳನ್ನೇ ಹಾಕಿ, ಅದೇ 30-40ಕ್ಕೆ ಏರುತ್ತದೆ, ಅಲ್ಲಿಗೆ ನಿಲ್ಲಿಸಿ ದ್ರವ ಕ್ಲೋರಿನ್ನಿಗೆ ಬನ್ನಿ ಎಂದು ತಿಳಿಸಿದೆವು. ತಿಂಗಳಿಗೊಮ್ಮೆ ಬಂದ ಅಂಕಿಯನ್ನು ದಿನಾಂಕದೊಂದಿಗೆ ಪಂಪಿನ ಕೋಣೆಯ ಗೋಡೆಯ ಮೇಲೆ ಬರೆಯುತ್ತಿರುವುದಾಗಿ ಅವರು ಈಚೆಗೆ ಬರೆದಿದ್ದಾರೆ.

ಹೋಂಸ್ಟೇಯಲ್ಲಿ ತಂಗುವವರು ಮಕ್ಕಳನ್ನು ಇಳಿಸುವ ಮೊದಲು ಸ್ಟೆಬಿಲೈಜರ್ ಎಷ್ಟಿದೆ ಎಂದು ಸಂಕೋಚವಿಲ್ಲದೆ ಕೇಳಬಹುದು. ಉತ್ತರ ಗೊತ್ತಿಲ್ಲದಿದ್ದರೆ, ಅಥವಾ ಕೊಳದ ತಳ ಸ್ಪಷ್ಟವಾಗಿ ಕಾಣದಿದ್ದರೆ, ಆ ದಿನ ಈಜು ಬೇಡ. ಈಜಿ ಬಂದ ಎರಡು ವಾರಗಳೊಳಗೆ ಮಗುವಿಗೆ ತೀವ್ರ ತಲೆನೋವು, ಜ್ವರ, ವಾಂತಿ, ಕತ್ತು ಬಿಗಿತ ಕಾಣಿಸಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಎಲ್ಲಿ, ಯಾವ ದಿನ ನೀರಿಗಿಳಿದದ್ದೆಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳಬೇಕು.