ಶುಶ್ರೂಷೆ ಎಂಬ ಮಾತಿನ ಅರ್ಥ

ರೋಗಿಯ ಆರೈಕೆಗೆ ನಾವು ಬಳಸುವ ‘ಶುಶ್ರೂಷೆ’ ಎಂಬ ಶಬ್ದ ‘ಶ್ರು’ ಧಾತುವಿನಿಂದ ಬಂದದ್ದು. ಕೇಳಬೇಕೆಂಬ ಇಚ್ಛೆ ಎಂಬುದೇ ಅದರ ಮೂಲಾರ್ಥ. ತರಗತಿಯಲ್ಲಿ ಈ ವ್ಯುತ್ಪತ್ತಿಯನ್ನು ವರ್ಷವರ್ಷವೂ ಹೇಳುತ್ತಿದ್ದೆ. ಜ್ವರವನ್ನಳೆಯಲು ಉಷ್ಣಮಾಪಕವುಂಟು, ರಕ್ತದೊತ್ತಡಕ್ಕೂ ಒಂದು ಉಪಕರಣವುಂಟು. ನೋವಿನ ವಿಷಯದಲ್ಲಿ ಮಾತ್ರ ರೋಗಿಯೇ ಹೇಳಬೇಕು, ಎದುರಿಗಿದ್ದವರು ಕೇಳಬೇಕು. ವಾಸಿಯಾಗದ ಕಾಯಿಲೆಯವರಿಗೆಂದು ಬೆಳೆದುಬಂದಿರುವ ಉಪಶಾಮಕ ಚಿಕಿತ್ಸೆಯ ಬುನಾದಿಯೇ ಇದು.

ಈ ಶಾಸ್ತ್ರಕ್ಕೆ ಆಧುನಿಕ ರೂಪ ಕೊಟ್ಟವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. ಮೊದಲು ದಾದಿ, ಬಳಿಕ ಸಮಾಜಸೇವಕಿ, ಅದೂ ಸಾಲದೆಂದು ವೈದ್ಯೆ. ಹೀಗೆ ಮೂರು ಬಾರಿ ಕಲಿತ ಆಕೆ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಆರೈಕೆಯ ಮನೆಯನ್ನು ತೆರೆದರು. ದೇಹದ ಯಾತನೆ, ಮನಸ್ಸಿನ ದಿಗಿಲು, ಸಂಸಾರದ ಚಿಂತೆ, ‘ನನಗೇ ಏಕೆ’ ಎಂಬ ಪ್ರಶ್ನೆ, ಇವೆಲ್ಲ ಸೇರಿ ಒಂದೇ ನೋವು ಎಂಬುದು ಆಕೆಯ ನಿಲುವು.

ನಮ್ಮಲ್ಲಿ ಬಡವನು ಹೋಗುವುದು ಸರಕಾರಿ ಆಸ್ಪತ್ರೆಗೆ. ಅಲ್ಲಿ ಕ್ಯಾನ್ಸರ್ ಕೈಮೀರಿದಾಗ ಕೇಳಿಬರುವ ಮಾತು ‘ಇನ್ನೇನೂ ಮಾಡುವಂತಿಲ್ಲ, ಮನೆಗೆ ಕರೆದುಕೊಂಡು ಹೋಗಿ’ ಎಂಬುದು. ನನ್ನ ಮಿತ್ರರೊಬ್ಬರನ್ನು ಹೀಗೆಯೇ ಕಳುಹಿಸಿದರು. ಅನಂತರದ ಏಳು ವಾರಗಳನ್ನು ಅವರ ಮನೆಯವರು ಹೇಗೆ ಕಳೆದರೆಂಬುದನ್ನು ಇಲ್ಲಿ ವಿವರಿಸಲಾರೆ. ಮಾಡುವುದು ಬೇಕಾದಷ್ಟಿತ್ತು.

ಎಲ್ಲಕ್ಕಿಂತ ಮೊದಲನೆಯದು ಮಾರ್ಫೀನ್. ನಾವು ಪಾಯಸಕ್ಕೆ ಹಾಕುವ ಗಸಗಸೆಯ ಗಿಡದ ಕಾಯಿಯನ್ನು ಗೀರಿದಾಗ ಒಸರುವ ಹಾಲೇ ಅಫೀಮು. ಮಾರ್ಫೀನ್ ಅದರ ಸಾರ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರಕಾರದ ಪರವಾನಗಿಯಿಂದಲೇ ಅದನ್ನು ಬೆಳೆಯುತ್ತಾರೆ, ಪರದೇಶಗಳಿಗೂ ಕಳುಹಿಸುತ್ತಾರೆ. ಆದರೆ 1985ರ ಮಾದಕವಸ್ತು ಕಾಯಿದೆ ಬಂದ ಮೇಲೆ ಆಸ್ಪತ್ರೆಗಳು ಹಲವು ಪರವಾನಗಿಗಳಿಗಾಗಿ ಅಲೆಯಬೇಕಾಯಿತು. ಶಿಕ್ಷೆಯ ಭಯವೂ ಸೇರಿಕೊಂಡಿತು. 1997ರ ವೇಳೆಗೆ ದೇಶದಲ್ಲಿ ಮಾರ್ಫೀನಿನ ವೈದ್ಯಕೀಯ ಬಳಕೆ ಶೇಕಡಾ 97ರಷ್ಟು ಕುಸಿದಿತ್ತು. ಕಳ್ಳನಿಗೆ ಹಾಕಿದ ಬೀಗ ಮನೆಯವರನ್ನೇ ಹೊರಗಿಟ್ಟಿತು. 2014ರ ತಿದ್ದುಪಡಿಯಿಂದ ಮನ್ನಣೆ ಪಡೆದ ಆಸ್ಪತ್ರೆಗೆ ಒಂದೇ ಅನುಮತಿ ಸಾಕಾಗುವಂತಾಗಿದೆ. ಬೀಗ ಸಡಿಲಾದರೂ ಭಯ ಸಡಿಲಾಗಿಲ್ಲ. ‘ಚಟ ಹತ್ತಿದರೆ?’ ಎಂದು ವಿದ್ಯಾವಂತರೂ ಕೇಳುತ್ತಾರೆ. ನೋವಿಗೆ ತಕ್ಕ ಪ್ರಮಾಣದಲ್ಲಿ, ವೈದ್ಯರ ಕಣ್ಗಾವಲಿನಲ್ಲಿ, ಬಾಯಿಯ ಮೂಲಕ ಗಂಟೆಗೆ ಸರಿಯಾಗಿ ಕೊಟ್ಟಾಗ ಕ್ಯಾನ್ಸರ್ ರೋಗಿಗಳಲ್ಲಿ ಚಟ ಬಹು ವಿರಳ. ತಪ್ಪದೆ ಕಾಡುವುದು ಮಲಬದ್ಧತೆ. ಅದಕ್ಕೆ ಮೊದಲ ದಿನದಿಂದಲೇ ಔಷಧ ಕೊಡಬೇಕು.

ಸರಕಾರಿ ಆಸ್ಪತ್ರೆಯಲ್ಲಿ ಇದು ಸಾಧ್ಯವೆ? ಕೋಳಿಕ್ಕೋಡಿನ ಸರಕಾರಿ ವೈದ್ಯಕೀಯ ಕಾಲೇಜು ಉತ್ತರ ಕೊಟ್ಟಿದೆ. ಅಲ್ಲಿ ಅರಿವಳಿಕೆ ವಿಭಾಗದಲ್ಲಿದ್ದ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಅವರ ಸಂಗಡಿಗರು 1993ರಲ್ಲಿ ಒಂದು ಸಂಘವನ್ನು ಕಟ್ಟಿ, ಹೊರರೋಗಿಗಳಿಗೆ ನೋವಿನ ಚಿಕಿತ್ಸಾಲಯವನ್ನು ಆರಂಭಿಸಿದರು. ಹಾಸಿಗೆ ಹಿಡಿದವರು ಆಸ್ಪತ್ರೆಗೆ ಬರಲಾರರಷ್ಟೆ. ಆದ್ದರಿಂದ ಚಿಕಿತ್ಸೆಯೇ ಮನೆಗಳಿಗೆ ನಡೆಯಬೇಕಾಯಿತು. ಊರಿನ ಶಿಕ್ಷಕರು, ಅಂಗಡಿಯವರು, ಗೃಹಿಣಿಯರು ತರಬೇತಿ ಪಡೆದು ನೆರೆಹೊರೆಯ ರೋಗಿಗಳ ಹೊಣೆ ಹೊತ್ತರು. 2008ರಲ್ಲಿ ಕೇರಳ ಸರಕಾರ ಇದನ್ನು ತನ್ನ ಆರೋಗ್ಯನೀತಿಯೊಳಕ್ಕೆ ತಂದಿತು; ಪಂಚಾಯತಿಗಳ ಮೂಲಕ ದಾದಿಯರು ಮನೆಮನೆಗೆ ಹೋಗುವ ಏರ್ಪಾಡಾಯಿತು.

ಬೆಂಗಳೂರಿನಲ್ಲಿ ಕರುಣಾಶ್ರಯವಿದೆ, ಉಚಿತವಾಗಿ ಸೇವೆ ಮಾಡುತ್ತಿದೆ. ಆದರೆ ದೂರದ ತಾಲ್ಲೂಕಿನ ರೋಗಿ ಅಲ್ಲಿಗೆ ಹೋಗಿ ಮುಟ್ಟುವುದೆಂತು? ಅವನ ಜಿಲ್ಲಾ ಆಸ್ಪತ್ರೆಗೆ ಬೇಕಾದದ್ದು ಹೊಸ ಕಟ್ಟಡವಲ್ಲ. ತರಬೇತಾದ ಒಬ್ಬ ವೈದ್ಯ, ಇಬ್ಬರು ದಾದಿಯರು, ಒಂದು ಕೊಠಡಿ, ಮಾರ್ಫೀನಿಗೆ ಬೀಗವಿರುವ ಕಪಾಟು ಮತ್ತು ಲೆಕ್ಕದ ಪುಸ್ತಕ, ಹಳ್ಳಿಗಳಿಗೆ ಹೋಗಲು ಒಂದು ವಾಹನ. ದಾದಿ ಬಂದು ಹಾಸಿಗೆಹುಣ್ಣನ್ನು ತೊಳೆದು, ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಕ್ರಮವನ್ನು ಸೊಸೆಗೆ ಕಲಿಸಿ, ಮುಂದಿನ ವಾರದ ಔಷಧವನ್ನು ಎಣಿಸಿಕೊಟ್ಟು, ಆಮೇಲೆ ಮಂಚದ ಪಕ್ಕದಲ್ಲಿ ಕುಳಿತು, ‘ರಾತ್ರಿ ನಿದ್ರೆ ಬಂತೇ?’ ಎಂದು ಕೇಳಲು ಅಷ್ಟು ಸಾಕು.