ಆಂಪ್ ಹಲವು, ಜಾಗ ಒಂದು

ಎಲೆಕ್ಟ್ರಿಕ್ ಗಿಟಾರ್ ನುಡಿಸುವವರು ಮನೆಯ ಒಂದು ಕೋಣೆಯನ್ನೇ ಸ್ಟುಡಿಯೊ ಮಾಡಿಕೊಳ್ಳುವುದು ಈಗ ಹೊಸದೇನಲ್ಲ. ಲ್ಯಾಪ್‌ಟಾಪ್, ಆಡಿಯೊ ಇಂಟರ್‌ಫೇಸ್, ಒಂದೆರಡು ಮೈಕ್ ಇದ್ದರೆ ಕೆಲಸ ಶುರುವಾಗುತ್ತದೆ. ಆದರೆ ಆಂಪ್ಲಿಫೈಯರ್‌ಗಳನ್ನು ಎಲ್ಲಿಡಬೇಕು ಎಂಬ ಪ್ರಶ್ನೆ ಬಂದಾಗ ಕಿವಿಗಿಂತ ಮೊದಲು ಕಣ್ಣು ತೀರ್ಮಾನ ಮಾಡಿಬಿಡುತ್ತದೆ. ಇರುವ ಎರಡು-ಮೂರು ಆಂಪ್‌ಗಳನ್ನು ಗೋಡೆಗೆ ಒತ್ತಿ ಸಾಲಾಗಿ ಜೋಡಿಸುತ್ತಾರೆ, ಇಲ್ಲವೇ ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸುತ್ತಾರೆ. ಓಡಾಡಲು ಜಾಗ ಉಳಿಯುತ್ತದೆ, ನೋಡಲೂ ಚೆನ್ನ. ರೆಕಾರ್ಡ್ ಮಾಡಿದ ಮೇಲೆ ಮಾತ್ರ ದನಿ ಮಂಕಾಗಿ, ಗುಂಯ್‌ಗುಡುತ್ತಾ ಕೇಳುತ್ತದೆ. ಆಗ ಬೈಗುಳ ಬೀಳುವುದು ಆಂಪ್‌ಗೆ, ಮುಂದಿನ ಖರ್ಚು ಇನ್ನೊಂದು ಆಂಪ್‌ಗೆ. ಚಿಕ್ಕ ಕೋಣೆಯಲ್ಲಿ ಆಂಪ್‌ಗೆ ಹೊಂದುವ ಜಾಗ ಸಾಮಾನ್ಯವಾಗಿ ಒಂದೇ ಇರುತ್ತದೆ. ಹಾಗಾಗಿ ಜೋಡಿಸಬೇಕಾದ್ದು ಆಂಪ್‌ಗಳನ್ನಲ್ಲ, ಆ ಒಂದು ಜಾಗವನ್ನು. ಆಂಪ್‌ಗಳು ಸರದಿಯ ಮೇಲೆ ಅಲ್ಲಿಗೆ ಬರಲಿ ಎಂಬುದು ಈ ಲೇಖನದ ವಾದ.

ಗಿಟಾರ್ ಆಂಪ್ ಎಂದರೆ ಸದ್ದು ಜೋರು ಮಾಡುವ ಪೆಟ್ಟಿಗೆ ಎಂದುಕೊಂಡರೆ ಅರ್ಧ ಮಾತ್ರ ಸರಿ. ಸಭೆ-ಸಮಾರಂಭಗಳ ಮೈಕ್ ಸೆಟ್ಟಿನ ಸ್ಪೀಕರ್ ತನಗೆ ಬಂದ ದನಿಯನ್ನು ಆದಷ್ಟು ಹಾಗೇ ಕೇಳಿಸಬೇಕು. ಗಿಟಾರ್ ಆಂಪ್‌ನ ಹನ್ನೆರಡು ಇಂಚಿನ ಸ್ಪೀಕರ್ ಸುಮಾರು 5,000 ಹರ್ಟ್ಸ್‌ಗಿಂತ ಮೇಲಿನ ದನಿಯನ್ನು ಬಹುಮಟ್ಟಿಗೆ ಕೈಬಿಡುತ್ತದೆ. ವಾಲ್ವ್ ಆಂಪ್ ಆದರೆ ಜೋರಾಗಿ ನುಡಿಸಿದಾಗ ವಾಲ್ವ್‌ಗಳು ದನಿಯನ್ನು ಒಡೆದು ಒರಟಾಗಿಸುತ್ತವೆ. ರಾಕ್ ಸಂಗೀತದ ಗಿಟಾರ್ ದನಿ ಹುಟ್ಟುವುದೇ ಹೀಗೆ. ಆಂಪ್ ವಾದ್ಯದ ಇನ್ನರ್ಧ. ಅದನ್ನು ಪೇರಿಸಿಡುವ ಪದ್ಧತಿ ಬಂದದ್ದು ವೇದಿಕೆಯಿಂದ. ಲಂಡನ್ನಿನಲ್ಲಿ ವಾದ್ಯಗಳ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ 1962ರಲ್ಲಿ ಆಂಪ್ ತಯಾರಿಕೆಗೆ ಇಳಿದರು. ಕೆಲವೇ ವರ್ಷಗಳಲ್ಲಿ ‘ದ ಹೂ’ ತಂಡದ ಪೀಟ್ ಟೌನ್‌ಶೆಂಡ್ ಅವರಂಥವರ ಒತ್ತಾಯದಿಂದ 100 ವ್ಯಾಟ್‌ನ ಆಂಪ್, ಅದರಡಿ ನಾಲ್ಕು ನಾಲ್ಕು ಸ್ಪೀಕರ್‌ಗಳ ಎರಡು ಪೆಟ್ಟಿಗೆ ಎಂಬ ಆಳೆತ್ತರದ ರಚನೆ ರೂಪುಗೊಂಡಿತು. ಆ ಕಾಲದ ಸಭಾಂಗಣದ ಧ್ವನಿವರ್ಧಕಗಳು ಹಾಡುವವರ ದನಿಗೇ ಸಾಲುತ್ತಿರಲಿಲ್ಲ. ಸಾವಿರಾರು ಜನಕ್ಕೆ ಗಿಟಾರ್ ಕೇಳಿಸುವ ಹೊಣೆ ಆಂಪ್‌ನ ಮೇಲೇ ಇತ್ತು. ಆ ತೊಂದರೆ ಮನೆಯ ಕೋಣೆಯಲ್ಲಿ ಇಲ್ಲ. ಇಲ್ಲಿರುವುದು ಅದರ ತದ್ವಿರುದ್ಧ ತೊಂದರೆ: ಸದ್ದು ಹೆಚ್ಚು, ಗೋಡೆ ಹತ್ತಿರ.

ಬೆಂಗಳೂರಿನ ಮನೆಗಳಲ್ಲಿ ಸಾಮಾನ್ಯವಾದ ಹತ್ತಡಿಗೆ ಹತ್ತಡಿ ಕೋಣೆಯನ್ನೇ ತೆಗೆದುಕೊಳ್ಳೋಣ. ಶಬ್ದ ಸೆಕೆಂಡಿಗೆ ಸುಮಾರು 345 ಮೀಟರ್ ವೇಗದಲ್ಲಿ ಸಾಗುತ್ತದೆ. ಎದುರುಬದುರು ಗೋಡೆಗಳ ನಡುವೆ ಹೋಗಿಬರುವ ಅಲೆ ಕೆಲವು ಕಂಪನಗಳಲ್ಲಿ ತನ್ನನ್ನೇ ತಾನು ಬಲಪಡಿಸಿಕೊಳ್ಳುತ್ತದೆ; ಶಾಲೆಯ ಭೌತಶಾಸ್ತ್ರದಲ್ಲಿ ಓದಿದ ಸ್ಥಾಯಿ ಅಲೆ ಇದೇ. ಹತ್ತಡಿ ಅಂತರಕ್ಕೆ ಲೆಕ್ಕ ಹಾಕಿದರೆ ಸುಮಾರು 57 ಹರ್ಟ್ಸ್‌ನಲ್ಲಿ ಒಂದು, ಅದರ ಎರಡರಷ್ಟಾದ 113ರಲ್ಲಿ ಇನ್ನೊಂದು, ಮೂರರಷ್ಟಾದ 170ರಲ್ಲಿ ಮತ್ತೊಂದು ಸಿಗುತ್ತವೆ. ಗಿಟಾರಿನ ದಪ್ಪ ತಂತಿಯ ದನಿ ಸುಮಾರು 82 ಹರ್ಟ್ಸ್. ಅದರ ಪಕ್ಕದ ಎ ತಂತಿ 110. ಅಂದರೆ ಎ ತಂತಿಯನ್ನು ಒತ್ತದೆ ಮೀಟಿದಾಗಲೆಲ್ಲ ಕೋಣೆಯೂ ಜೊತೆಗೂಡಿ ಗುಂಯ್ ಎನ್ನುತ್ತದೆ. ಚಾವಣಿಯೂ ಹತ್ತಡಿ ಎತ್ತರದಲ್ಲಿದ್ದರೆ ಉದ್ದ, ಅಗಲ, ಎತ್ತರ ಮೂರೂ ಅದೇ ಸ್ವರಕ್ಕೇ ಒತ್ತು ಕೊಡುತ್ತವೆ. ಧ್ವನಿಶಾಸ್ತ್ರದ ದೃಷ್ಟಿಯಲ್ಲಿ ಘನಾಕಾರದ ಕೋಣೆಗಿಂತ ಕೆಟ್ಟದ್ದು ಇಲ್ಲ. ಇಂಥ ಕೋಣೆಯ ಮೂಲೆಯಲ್ಲಿ ನೆಲದ ಮೇಲೆ ಆಂಪ್ ಇಟ್ಟರೆ ಎರಡು ಗೋಡೆ ಮತ್ತು ನೆಲ ಸೇರಿ ತುತ್ತೂರಿಯ ಬಾಯಂತೆ ಅದರ ಮಂದ್ರದನಿಯನ್ನು ಹಿಗ್ಗಿಸುತ್ತವೆ, ಕೋಣೆಯ ಸ್ಥಾಯಿ ಅಲೆಗಳೆಲ್ಲ ಒಟ್ಟಿಗೇ ಏಳುತ್ತವೆ. ಜಾಗ ಉಳಿಸಲು ನಾವು ಆರಿಸುವ ಮೂಲೆಯೇ ದನಿಗೆ ಅತಿ ಹಾನಿಯ ಜಾಗ.

ಹಾಗಾದರೆ ಸರಿಯಾದ ಜಾಗ ಯಾವುದು? ಅದೇ ಲೆಕ್ಕ ಉತ್ತರವನ್ನೂ ಕೊಡುತ್ತದೆ. 113 ಹರ್ಟ್ಸ್‌ನ ಸ್ಥಾಯಿ ಅಲೆಯಲ್ಲಿ ಗಾಳಿಯ ಒತ್ತಡ ಏರಿಳಿಯದ ತಾಣವೊಂದಿದೆ: ಗೋಡೆಯಿಂದ ಕೋಣೆಯ ಅಳತೆಯ ಕಾಲು ಭಾಗ ದೂರದಲ್ಲಿ. ಹತ್ತಡಿ ಕೋಣೆಯಲ್ಲಿ ಅದು ಎರಡೂವರೆ ಅಡಿ, ಹನ್ನೆರಡು ಅಡಿಯದರಲ್ಲಿ ಅಲ್ಲಿನ ಎರಡನೇ ಅಲೆಗೆ ಮೂರು ಅಡಿ. ಸ್ಪೀಕರ್ ಅಲ್ಲಿದ್ದರೆ ಆ ಅಲೆಯನ್ನು ಎಬ್ಬಿಸಲು ಅದಕ್ಕೆ ಹಿಡಿತವೇ ಸಿಗುವುದಿಲ್ಲ. ನೆಲದಿಂದ ಎತ್ತರಕ್ಕೂ ಇದೇ ಮಾತು. ಗಟ್ಟಿಮುಟ್ಟಾದ ಸ್ಟೂಲಿನ ಮೇಲಿಟ್ಟು ಸ್ಪೀಕರಿನ ನಡುಭಾಗ ಎರಡೂವರೆ ಅಡಿ ಎತ್ತರಕ್ಕೆ ಬರುವಂತೆ ಮಾಡಿದರಾಯಿತು. ಪಕ್ಕದ ಗೋಡೆಯಿಂದ ಮೂರಡಿ ಇದ್ದರೆ ಸಾಕು. ನಟ್ಟನಡುವಿನ ಐದಡಿ ಮಾತ್ರ ಬೇಡ, ಏಕೆಂದರೆ 113ರ ಒತ್ತಡ ಅಲ್ಲಿ ಮತ್ತೆ ಶಿಖರ ಮುಟ್ಟುತ್ತದೆ. ಲೆಕ್ಕ ಕೊಡುವುದು ಆರಂಭದ ಬಿಂದು ಮಾತ್ರ. ಬಾಗಿಲು, ಕಿಟಕಿ, ಬಟ್ಟೆ ತುಂಬಿದ ಬೀರು ಎಲ್ಲವೂ ಅದನ್ನು ಸ್ವಲ್ಪ ಅತ್ತಿತ್ತ ಸರಿಸುತ್ತವೆ. ಒಬ್ಬರು ದಪ್ಪ ತಂತಿಗಳ ಮೇಲೆ ಒಂದೊಂದೇ ಫ್ರೆಟ್ ಏರುತ್ತಾ ಒಂದೇ ಹದದಲ್ಲಿ ಮೀಟಲಿ, ಇನ್ನೊಬ್ಬರು ಆಂಪನ್ನು ಅರ್ಧರ್ಧ ಅಡಿ ಸರಿಸಲಿ. ಯಾವ ಸ್ವರವೂ ಉಬ್ಬದೆ, ಯಾವುದೂ ಅಡಗದೆ ಕೇಳುವ ಕಡೆ ನೆಲಕ್ಕೆ ಟೇಪ್ ಅಂಟಿಸಿ. ಸ್ಟೀಲ್ ಬೀರುವಿನ ಬಾಗಿಲು, ಅಟ್ಟದ ಪಾತ್ರೆ, ಕಿಟಕಿಯ ಗಾಜು ಯಾವ ಸ್ವರಕ್ಕೆ ಗಡಗಡ ಎನ್ನುತ್ತವೆ ಎಂಬುದೂ ಆಗಲೇ ಗೊತ್ತಾಗುತ್ತದೆ.

ಇಲ್ಲಿ ತಿಳಿದವರ ಮೊದಲ ಆಕ್ಷೇಪ ಏಳುತ್ತದೆ. ರೆಕಾರ್ಡ್ ಮಾಡುವಾಗ ಮೈಕನ್ನು ಸ್ಪೀಕರಿನ ಬಟ್ಟೆಗೆ ತಾಗುವಷ್ಟು ಹತ್ತಿರ ಇಡುತ್ತೇವೆ. ಆ ಮೈಕ್‌ಗೆ ಕೋಣೆ ಕೇಳಿಸುವುದೇ ಅತ್ಯಲ್ಪ, ಮತ್ತೆ ಜಾಗದ ಚಿಂತೆ ಏಕೆ? ಮಾತಿನ ಮೊದಲರ್ಧ ನಿಜ. 1965ರಿಂದ ಬಳಕೆಯಲ್ಲಿರುವ ಶ್ಯೂರ್ ಎಸ್‌ಎಂ57ನಂಥ ಮೈಕನ್ನು ಒಂದಿಂಚು ದೂರದಲ್ಲಿಟ್ಟರೆ ಗೋಡೆಯಿಂದ ಮರಳುವ ದನಿ ನೇರ ದನಿಯ ಮುಂದೆ ತೀರಾ ಕ್ಷೀಣ. ಆದರೆ ಆಂಪ್‌ನ ನಾಬ್ ತಿರುಗಿಸುವುದು ಮೈಕ್ ಅಲ್ಲ, ನುಡಿಸುವವರ ಕಿವಿ. ಹನ್ನೆರಡು ಇಂಚಿನ ಸ್ಪೀಕರ್ ಚೂಪಾದ ದನಿಯನ್ನು ಎಲ್ಲ ಕಡೆ ಹರಡದೆ ಟಾರ್ಚಿನಂತೆ ನೇರ ಮುಂದಕ್ಕೆ ಎಸೆಯುತ್ತದೆ. ಆಂಪ್ ನೆಲದ ಮೇಲಿದ್ದರೆ ಆ ದನಿ ಬಡಿಯುವುದು ಮೊಣಕಾಲಿಗೆ. ನಿಂತವರ ಕಿವಿಗೆ ತಲುಪುವುದು ಮೂಲೆ ಉಬ್ಬಿಸಿದ ಮಂದ್ರ. ಮಂಕಾಗಿದೆಯಲ್ಲ ಎಂದು ಅವರು ಟ್ರೆಬಲ್ ಏರಿಸುತ್ತಾರೆ, ಬಾಸ್ ಇಳಿಸುತ್ತಾರೆ. ಸ್ಪೀಕರಿನ ಮುಂದೆಯೇ ಕೂತ ಮೈಕ್ ಆ ತಿದ್ದುಪಡಿಯನ್ನು ಇದ್ದಂತೆ ಹಿಡಿದಿಡುತ್ತದೆ. ಮರುದಿನ ಕೇಳಿದರೆ ದನಿ ಕಿವಿಗೆ ಚುಚ್ಚುತ್ತದೆ. ಕೋಣೆ ರೆಕಾರ್ಡಿಂಗಿನೊಳಕ್ಕೆ ನುಗ್ಗಿದ್ದು ಮೈಕ್ ಮೂಲಕವಲ್ಲ, ನುಡಿಸಿದವರ ನಿರ್ಧಾರದ ಮೂಲಕ. ಇನ್ನು ಮೈಕನ್ನು ಒಂದು ಮೀಟರ್ ಹಿಂದಕ್ಕೆ ಸರಿಸಿದರೆ ಕೋಣೆ ನೇರವಾಗಿಯೇ ಬರುತ್ತದೆ. ಸ್ಪೀಕರ್ ಮತ್ತು ಮೈಕ್ ಎರಡೂ ನೆಲದಿಂದ ಒಂದಡಿ ಎತ್ತರದಲ್ಲಿದ್ದರೆ ನೇರ ದನಿಗೂ ನೆಲಕ್ಕೆ ಬಡಿದು ಬಂದ ದನಿಗೂ ಸುಮಾರು 17 ಸೆಂಟಿಮೀಟರ್ ಹಾದಿಯ ವ್ಯತ್ಯಾಸವಾಗಿ, 1,000 ಹರ್ಟ್ಸ್ ಆಸುಪಾಸಿನಲ್ಲಿ ಒಂದು ಇನ್ನೊಂದನ್ನು ಅಳಿಸುತ್ತದೆ. ಗಿಟಾರಿನ ಮಾತು ಸ್ಪಷ್ಟವಾಗಿ ಕೇಳುವ ಪಟ್ಟಿಯಲ್ಲೇ ಹೀಗೆ ತೂತು ಬಿದ್ದರೆ ಯಾವ ನಾಬ್ ತಿರುಗಿಸಿಯೂ ಮುಚ್ಚಲಾಗದು. ನಮ್ಮ ಮನೆಗಳ ಟೈಲ್ಸ್ ನೆಲಕ್ಕೆ ಜಮಖಾನ ಹಾಸಿದರೂ ತೆಳು ಬಟ್ಟೆ ತಡೆಯುವುದು ಅದಕ್ಕಿಂತ ಮೇಲಿನ ದನಿಯನ್ನಷ್ಟೇ.

ಎರಡನೇ ಆಕ್ಷೇಪ ಇನ್ನೂ ಬಲವಾದದ್ದು. ಎರಡು ಬೇರೆ ಬೇರೆ ಸ್ವಭಾವದ ಆಂಪ್‌ಗಳನ್ನು ಒಟ್ಟಿಗೇ ನುಡಿಸಿದರೆ ಬರುವ ತುಂಬುದನಿ ಒಂದರಿಂದ ಬರುವುದಿಲ್ಲ, ಆದ್ದರಿಂದ ಎರಡೂ ಕೋಣೆಯಲ್ಲಿ ಜೊತೆಗಿರಬೇಕು ಎನ್ನುತ್ತಾರೆ. ತುಂಬುದನಿ ಬರುವುದು ಹೌದು. ಜೊತೆಗಿರಬೇಕಾದ ಅಗತ್ಯ ಇಲ್ಲ. ಒಂದೇ ಗಿಟಾರಿನ ಸಂಕೇತ ಎರಡು ಆಂಪ್‌ಗಳಿಗೆ ಹೋದಾಗ ಒಂದರ ಮೈಕ್ ಇನ್ನೊಂದರದಕ್ಕಿಂತ 15 ಸೆಂಟಿಮೀಟರ್ ಹಿಂದಿದ್ದರೂ ಎರಡು ದನಿಗಳನ್ನು ಕೂಡಿಸುವಾಗ ಮಧ್ಯದ ಕಂಪನಗಳಲ್ಲಿ ಕೆಲವು ಅಳಿಸಿಹೋಗುತ್ತವೆ. ಕೆಲವು ಆಂಪ್‌ಗಳು ಸಂಕೇತವನ್ನು ತಲೆಕೆಳಗು ಮಾಡಿ ಹೊರಬಿಡುತ್ತವೆ. ಆಗಂತೂ ಒಂದು ಸ್ಪೀಕರ್ ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ. ಒಂದರ ಮೈಕ್‌ಗೆ ಇನ್ನೊಂದರ ದನಿ ಸೋರದಿರಲು ಮೈಕ್‌ಗಳ ನಡುವಿನ ದೂರ ಪ್ರತಿ ಮೈಕ್‌ಗೂ ಅದರ ಸ್ಪೀಕರಿಗೂ ಇರುವ ದೂರದ ಮೂರು ಪಟ್ಟಾದರೂ ಇರಬೇಕು ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. ಮೈಕ್ ಹಿಂದೆ ಸರಿದಂತೆ ಹತ್ತಡಿಯಲ್ಲಿ ಅದು ಕೈಗೂಡುವುದಿಲ್ಲ. ಸಾಲದ್ದಕ್ಕೆ, ಎರಡು ಆಂಪ್‌ಗಳು ಬೇರೆ ಬೇರೆ ಸಾಕೆಟ್‌ಗಳಿಂದ ಅರ್ಥಿಂಗ್ ಪಡೆದು ಗಿಟಾರ್ ಕೇಬಲ್‌ನಲ್ಲಿ ಮತ್ತೆ ಕೂಡಿದರೆ ನಮ್ಮ 50 ಹರ್ಟ್ಸ್ ಕರೆಂಟಿನ ಗುಂಯ್‌ದನಿ ಶುರುವಾಗುತ್ತದೆ. ಅದನ್ನು ನಿಲ್ಲಿಸಲು ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕುವವರಿದ್ದಾರೆ. ಇದು ಪ್ರಾಣಕ್ಕೆ ಅಪಾಯ, ಎಂದೂ ಕೂಡದು. ಇವಕ್ಕೆಲ್ಲ ಒಂದೇ ಪರಿಹಾರ ರೀಆಂಪಿಂಗ್. ಮೊದಲು ಗಿಟಾರನ್ನು ಆಂಪ್ ಇಲ್ಲದೆ ನೇರ ಇಂಟರ್‌ಫೇಸ್‌ಗೆ ನುಡಿಸಿ ಹಿಡಿದಿಡುವುದು. ಆಮೇಲೆ ಆ ಸಂಕೇತವನ್ನೇ ಒಂದು ಪುಟ್ಟ ಪೆಟ್ಟಿಗೆಯ ಮೂಲಕ ಗಿಟಾರಿನ ಮಟ್ಟಕ್ಕೆ ಇಳಿಸಿ ಆಂಪ್‌ಗೆ ಕಳಿಸುವುದು. 1990ರ ದಶಕದಲ್ಲಿ ಅಮೆರಿಕದ ಎಂಜಿನಿಯರ್ ಜಾನ್ ಕ್ಯುನಿಬರ್ಟಿ ಇಂಥ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದರು. ಇದರಿಂದ ಮೊದಲ ಆಂಪ್ ಆ ಒಳ್ಳೆಯ ಜಾಗದಲ್ಲಿ ತನ್ನ ಪಾಲು ಮುಗಿಸಿದ ಮೇಲೆ ಎರಡನೆಯದು ಅದೇ ಜಾಗಕ್ಕೆ ಬಂದು, ಅದೇ ಮೈಕ್ ಮುಂದೆ, ಅದೇ ನುಡಿಸಾಣಿಕೆಯನ್ನು ನುಡಿಸಬಹುದು. ಆಂಪ್‌ನ ದನಿ ಗಿಟಾರಿನ ತಂತಿಯನ್ನೇ ಮತ್ತೆ ಅಲುಗಿಸಿ ಸ್ವರ ಉದ್ದವಾಗುವ ಫೀಡ್‌ಬ್ಯಾಕ್ ಇದರಲ್ಲಿ ಸಿಗುವುದಿಲ್ಲ ಎಂಬುದು ನ್ಯಾಯವಾದ ಕೊರತೆ. ಅಂಥ ಭಾಗವನ್ನು ಆಂಪ್ ಎದುರು ನಿಂತೇ ನುಡಿಸಬೇಕು. ಆಗಲೂ ನಿಂತ ಜಾಗವೇ ಯಾವ ಸ್ವರ ಉಳಿಯಬೇಕೆಂದು ತೀರ್ಮಾನಿಸುತ್ತದೆ.

ಮೂವತ್ತು ಕಿಲೊ ತೂಗುವ ಪೆಟ್ಟಿಗೆಗಳನ್ನು ದಿನಾ ಎತ್ತಿಡುವುದು ಯಾರಿಂದ ಸಾಧ್ಯ ಎಂದು ಕೇಳಬಹುದು. ಸ್ಪೀಕರ್ ಪೆಟ್ಟಿಗೆ ಮತ್ತು ಆಂಪ್‌ನ ತಲೆಭಾಗ ಬೇರೆ ಬೇರೆ ಇದ್ದರೆ ಎತ್ತುವ ಮಾತೇ ಇಲ್ಲ: ಪೆಟ್ಟಿಗೆ ತನ್ನ ಜಾಗ ಬಿಟ್ಟು ಕದಲುವುದಿಲ್ಲ, ತಲೆಭಾಗಗಳು ಕೈಗೆಟುಕುವ ಕಪಾಟಿನಲ್ಲಿರುತ್ತವೆ, ಬದಲಾಗುವುದು ಕೇಬಲ್ ಮಾತ್ರ. ಎರಡು ಎಚ್ಚರ ಬೇಕು. ಆಂಪ್ ಮತ್ತು ಸ್ಪೀಕರಿನ ಓಮ್ ಸಂಖ್ಯೆ ಹೊಂದಬೇಕು. ವಾಲ್ವ್ ಆಂಪನ್ನು ಸ್ಪೀಕರ್ ಜೋಡಿಸದೆ ಎಂದೂ ನುಡಿಸಬಾರದು, ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ವಾಲ್ವ್ ಆಂಪ್ ಜೋರಾಗಿ ನುಡಿದರೇ ಚೆನ್ನ, ಮನೆಯಲ್ಲಿ ಅದು ಆಗದ ಮಾತು ಎಂಬುದು ಇನ್ನೊಂದು ವಾದ. ಲೆಕ್ಕ ನೋಡಿದರೆ ವ್ಯಾಟ್‌ಗೂ ಸದ್ದಿಗೂ ಇರುವ ನಂಟು ನಾವಂದುಕೊಂಡಂತಿಲ್ಲ. 50 ವ್ಯಾಟ್‌ನಿಂದ 5 ವ್ಯಾಟ್‌ಗೆ ಇಳಿದರೆ ಕಡಿಮೆಯಾಗುವುದು 10 ಡೆಸಿಬೆಲ್, ಕಿವಿಯ ಅಂದಾಜಿನಲ್ಲಿ ಅರ್ಧದಷ್ಟು. ಗಿಟಾರ್ ಸ್ಪೀಕರ್‌ಗಳು ಒಂದು ವ್ಯಾಟ್‌ಗೇ ಒಂದು ಮೀಟರ್ ದೂರದಲ್ಲಿ ಸುಮಾರು 97ರಿಂದ 100 ಡೆಸಿಬೆಲ್ ಕೊಡುತ್ತವೆ. 5 ವ್ಯಾಟ್‌ನ ಪುಟ್ಟ ಆಂಪ್ ಕೂಡ ನೂರನ್ನು ದಾಟುತ್ತದೆ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರ ಮೇಲೆ 45 ಡೆಸಿಬೆಲ್ ಮಿತಿ ಹಾಕಿವೆ. ಗೋಡೆಗೆ ಅಂಟಿಸುವ ಸ್ಪಂಜಿನ ಹಾಳೆಗಳು ಇಲ್ಲಿ ನೆರವಿಗೆ ಬರುವುದಿಲ್ಲ. ಅವು ಒಳಗಿನ ಮಾರ್ದನಿಯನ್ನು ಹೀರುತ್ತವೆಯೇ ಹೊರತು ಪಕ್ಕದ ಮನೆಗೆ ಹೋಗುವ ಸದ್ದನ್ನು ತಡೆಯುವುದಿಲ್ಲ. ತಡೆಯುವುದು ಭಾರವಾದ ಗೋಡೆ ಮತ್ತು ಸಂದಿಯಿಲ್ಲದ ಬಾಗಿಲು. ಆದರೂ ಮನೆಯಲ್ಲಿ ದೊಡ್ಡ ದನಿ ಸಾಧ್ಯ ಎಂಬುದಕ್ಕೆ ಪುರಾವೆ ಹಳೆಯದು. ಎಂಐಟಿಯಲ್ಲಿ ಓದಿ ಪೋಲರಾಯ್ಡ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಟಾಮ್ ಶೋಲ್ಜ್ ತಮ್ಮ ‘ಬಾಸ್ಟನ್’ ತಂಡದ 1976ರ ಮೊದಲ ಆಲ್ಬಮ್ಮಿನ ಬಹುಭಾಗವನ್ನು ಮೆಸಾಚುಸೆಟ್ಸ್‌ನ ತಮ್ಮ ಮನೆಯ ನೆಲಮಾಳಿಗೆಯಲ್ಲಿ ರೆಕಾರ್ಡ್ ಮಾಡಿದರು. ಅಮೆರಿಕದಲ್ಲೇ ಅದರ ಒಂದೂವರೆ ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವು. ಆಂಪ್‌ಗೂ ಸ್ಪೀಕರಿಗೂ ನಡುವೆ ಕೂತು ಶಕ್ತಿಯನ್ನು ಶಾಖವಾಗಿಸಿ ಸದ್ದು ತಗ್ಗಿಸುವ ‘ಪವರ್ ಸೋಕ್’ ಎಂಬ ಸಾಧನವನ್ನು ಮುಂದೆ ಮಾರಾಟಕ್ಕೆ ತಂದವರೂ ಅವರೇ. ಅವರು ಗೆದ್ದದ್ದು ಆಂಪ್‌ಗಳ ರಾಶಿಯಿಂದಲ್ಲ, ಒಂದೊಂದೇ ಪದರವನ್ನು ತಾಳ್ಮೆಯಿಂದ ಹಿಡಿದು ಒಂದರ ಮೇಲೊಂದು ಕೂಡಿಸಿದ್ದರಿಂದ.

ಆಂಪ್ ಯಾಕೆ, ಎಲ್ಲ ಸಾಫ್ಟ್‌ವೇರಿನಲ್ಲೇ ಸಿಗುತ್ತದಲ್ಲ ಎನ್ನುವವರಿಗೂ ಈ ವಾದ ಅನ್ವಯಿಸುತ್ತದೆ. ಆಂಪನ್ನು ಅನುಕರಿಸುವ ತಂತ್ರಾಂಶದಲ್ಲಿ ಆರಿಸಿಕೊಳ್ಳುವ ಸ್ಪೀಕರಿನ ದನಿ ಎಂದರೆ ಯಾರೋ ಒಬ್ಬರು ಒಂದು ಪೆಟ್ಟಿಗೆಯ ಮುಂದೆ ಒಂದು ಜಾಗದಲ್ಲಿ ಮೈಕ್ ಇಟ್ಟು ಅಳೆದದ್ದು. ಜಾಗದ ಆಯ್ಕೆ ತಪ್ಪಿಲ್ಲ, ಬೇರೆಯವರ ಪಾಲಾಗಿದೆ. ಅದನ್ನು ಕೇಳುವ ಮಾನಿಟರ್ ಸ್ಪೀಕರ್‌ಗಳು ಇರುವುದೂ ಅದೇ ಹತ್ತಡಿ ಕೋಣೆಯಲ್ಲಿ. 113 ಹರ್ಟ್ಸ್‌ನ ಉಬ್ಬು ಅಲ್ಲೂ ಕಾದಿರುತ್ತದೆ.

ಆದ್ದರಿಂದ ಎರಡನೇ ಆಂಪ್‌ಗೆ ದುಡ್ಡು ಕೂಡಿಡುವ ಮೊದಲು ಖರ್ಚಿನ ಕ್ರಮ ಬದಲಾಗಲಿ: ಮೊದಲು ಅಲುಗಾಡದ ಸ್ಟೂಲ್, ಆಮೇಲೆ ಗಟ್ಟಿಯಾದ ಮೈಕ್ ಸ್ಟ್ಯಾಂಡ್, ಮಾರ್ದನಿ ಹೀರಲೆಂದು ಆಂಪ್‌ನ ಹಿಂದಿನ ಗೋಡೆಗೆ ನಿಲ್ಲಿಸುವ ದಪ್ಪನೆಯ ಹತ್ತಿ ಹಾಸಿಗೆ, ನಂತರ ರೀಆಂಪ್ ಪೆಟ್ಟಿಗೆ. ಇವೆಲ್ಲ ಸೇರಿದರೂ ಒಂದು ಒಳ್ಳೆಯ ವಾಲ್ವ್ ಆಂಪ್‌ನ ಬೆಲೆ ಮುಟ್ಟುವುದಿಲ್ಲ. ಇಷ್ಟಾದ ಮೇಲೂ ಇರುವ ಆಂಪ್ ಸಾಲದು ಅನ್ನಿಸಿದರೆ ಆಗ ಹೊಸದನ್ನು ಕೊಳ್ಳಬಹುದು. ಕೊರತೆ ಕೋಣೆಯದಲ್ಲ, ಆಂಪ್‌ನದೇ ಎಂಬುದಾದರೂ ಅಷ್ಟರಲ್ಲಿ ಖಚಿತವಾಗಿರುತ್ತದೆ.